ಮೊದಲು ಬೋರ್ಡು

ಕಂಪ್ಯೂಟರ್ ಕೊಳ್ಳಬೇಕು ಅಂತ ನಮ್ಮ ಸಾಗರದ ಕಡೆ ಯಾರ ಹತ್ತಿರ ಬಾಯಿಬಿಟ್ಟರೂ ಮೊದಲು ಬರುವ ಪ್ರಶ್ನೆ ಒಂದೇ: "ಐ ಫೈವೋ, ಐ ಸೆವೆನ್ನೋ?" ಅಂಗಡಿಯವರು ಕೇಳುವುದೂ ಅದನ್ನೇ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಫೋನಿನಲ್ಲಿ ಕೇಳುವುದೂ ಅದನ್ನೇ. ಮದರ್‌ಬೋರ್ಡ್ ಯಾವುದು ಎಂದು ವಿಚಾರಿಸುವವರು ಅಪರೂಪ. ಪ್ರೊಸೆಸರ್ ಕೂರಿಸಲು ಒಂದು ಹಲಗೆ ಬೇಕು, ಅಷ್ಟೇ ತಾನೆ ಎಂಬ ಭಾವನೆ. ಇಕ್ಕೇರಿಯ ಸುತ್ತಮುತ್ತ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಇಡುವ ಪುಟ್ಟ ಲಿನಕ್ಸ್ ಕಂಪ್ಯೂಟರಿನ ಮಟ್ಟಿಗೆ ಈ ಕ್ರಮ ತಿರುಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆ ಕಟ್ಟುವವರು ಪಂಚಾಂಗದ ಮಾತು ಮುಗಿಸಿ ಆಮೇಲೆ ಮುಚ್ಚಿಗೆಯ ಮಾತಿಗೆ ಬರುವಂತೆ ಇಲ್ಲಿಯೂ ಮೊದಲು ಬೋರ್ಡು, ಆಮೇಲೆ ಪ್ರೊಸೆಸರ್.

ನನಗೆ ಕಂಪ್ಯೂಟರ್ ಬೇಕಾಗಿದ್ದು ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಳೆಯ ಮನೆಗಳ ಮೆತ್ತಿನಲ್ಲಿ, ನಾಗಂದಿಗೆಯ ಮೇಲೆ ಇನ್ನೂ ತಾಳೆಗರಿಯ ಕಟ್ಟುಗಳಿವೆ. ಕೆಲವು ಕನ್ನಡದವು, ಕೆಲವು ತಿಗಳಾರಿ ಲಿಪಿಯವು. ಕೆಳದಿಯ ವಸ್ತುಸಂಗ್ರಹಾಲಯ ಸೇರಿದವು ಬದುಕಿಕೊಂಡವು. ಮನೆಯಲ್ಲೇ ಉಳಿದವಕ್ಕೆ ಹುಳ, ಬೂಷ್ಟು, ಹೊಗೆ ಎಲ್ಲವೂ ಶತ್ರು. ಕಟ್ಟು ಬಿಚ್ಚಿ, ಗರಿ ಗರಿಯನ್ನೂ ಒರೆಸಿ, ಫೋಟೋ ತೆಗೆದು, ಚಿತ್ರದ ನೆರಳು ಬೆಳಕು ತಿದ್ದಿ, ಓದಲು ಬಂದಷ್ಟನ್ನು ಪಕ್ಕದಲ್ಲಿ ಟೈಪ್ ಮಾಡಿ ಇಡುವ ಕೆಲಸ ನನ್ನದು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ತುಳು-ತಿಗಳಾರಿಗೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16.0 ಆವೃತ್ತಿ ಬಂದಾಗ. ಅಂದರೆ ಈ ಗರಿಗಳ ಅಕ್ಷರಗಳು ಕಂಪ್ಯೂಟರಿನೊಳಗೆ ಅಕ್ಷರಗಳಾಗಿಯೇ ಇಳಿಯುವ ಕಾಲ ಈಗಷ್ಟೇ ಶುರುವಾಗಿದೆ. ಅದಕ್ಕೆ ಸಿದ್ಧವಾಗಿರುವ ಒಂದು ಯಂತ್ರ ಮನೆಯಲ್ಲಿರಲಿ ಅನ್ನುವ ಆಸೆ ನನಗೆ.

ಈ ಕೆಲಸಕ್ಕೆ ಪ್ರೊಸೆಸರಿನ ಓಟ ಬೇಕಾಗುವುದು ಕಡಿಮೆ. ಒಂದು ಗರಿಯ ಚಿತ್ರ ತಿದ್ದುವಾಗ ಮುಕ್ಕಾಲು ಪಾಲು ಹೊತ್ತು ಯಂತ್ರ ನನ್ನ ಕಣ್ಣಿಗಾಗಿ ಕಾಯುತ್ತಿರುತ್ತದೆ. ಬೇಕಾಗಿರುವುದು ಬೇರೆ: ಕಡತಗಳು ಕೆಡಬಾರದು, ಕರೆಂಟಿಲ್ಲದಾಗಲೂ ಕೆಲಸ ನಡೆಯಬೇಕು, ಹಾಳಾದರೆ ಸಾಗರದಲ್ಲೇ ರಿಪೇರಿಯಾಗಬೇಕು. ಈ ಯಾವುದನ್ನೂ ಪ್ರೊಸೆಸರಿನ ಓಟ ತೀರ್ಮಾನಿಸುವುದಿಲ್ಲ.

ಕರೆಂಟಿನ ವಿಷಯವನ್ನೇ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ನಮ್ಮ ತಾಲ್ಲೂಕಿನಲ್ಲೇ ಇದೆ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಆದರೂ ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಬರುವುದಿಲ್ಲ. ಲೈನು ಹಾದುಬರುವುದು ಕಾಡಿನ ನಡುವೆ. ಎಲ್ಲೋ ಒಂದು ಮರ ವಾಲಿದರೆ ಲೈನ್‌ಮನ್ ಆ ಮಳೆಯಲ್ಲೇ ಕತ್ತಿ ಹಿಡಿದು ಹುಡುಕಿಕೊಂಡು ಹೋಗಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುವ ಮಳೆ, ಹೊಸನಗರದ ಹುಲಿಕಲ್ಲೂ ಅದಕ್ಕೆ ಸರಿಸಾಟಿ. ಹಾಗೆ ಹೋಗಿ ಕರೆಂಟು ಸರಿಮಾಡುವ ಆ ಜನರ ಬಗ್ಗೆ ನನಗೆ ಗೌರವವಿದೆ. ಆದರೆ ಕಂಪ್ಯೂಟರ್ ಆರಿಸುವವನು ಕರೆಂಟು ಇರುವುದಿಲ್ಲ ಎಂದುಕೊಂಡೇ ಆರಿಸಬೇಕು.

ಈಗ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರ್ ಇದೆ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇರುತ್ತದೆ. ಸೀಸದ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಆದ್ದರಿಂದ ಧೈರ್ಯವಾಗಿ ಬಳಸಬಹುದಾದ್ದು 900. ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೆ 700ರ ಆಸುಪಾಸು. ಹಳೆಯ ದೊಡ್ಡ ಟವರ್ ಪೆಟ್ಟಿಗೆ, ಮಾನಿಟರ್ ಸೇರಿ 100 ವಾಟ್ ಎಳೆದರೆ ಏಳು ಗಂಟೆ. 20 ವಾಟ್‌ನ ಮಾನಿಟರ್ ಜೊತೆಗೆ 15 ವಾಟ್ ಎಳೆಯುವ ಪುಟ್ಟ ಯಂತ್ರವಾದರೆ ಇಪ್ಪತ್ತು ಗಂಟೆ. ಅಡುಗೆಮನೆಯ ದೀಪ, ಇಂಟರ್ನೆಟ್ ಪೆಟ್ಟಿಗೆ, ಎಲ್ಲರ ಫೋನು ಇದರಲ್ಲೇ ಪಾಲು ಕೇಳುತ್ತವೆ. ಹೀಗಾಗಿ ನಮ್ಮಲ್ಲಿ ವಾಟ್‌ನ ಲೆಕ್ಕ ಮನೆಮಂದಿಯೆಲ್ಲರ ಲೆಕ್ಕ.

ಕಡಿಮೆ ವಾಟ್‌ಗೆ ಇನ್ನೊಂದು ಕಾರಣ ಥಂಡಿ. ಆಷಾಢ ಶ್ರಾವಣದಲ್ಲಿ ಗೋಡೆ ಬೆವರುತ್ತದೆ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಬರುತ್ತದೆ. ಮುಚ್ಚಿಟ್ಟ ಕಂಪ್ಯೂಟರಿನೊಳಗೆ ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳು ಮಸುಕಾಗುತ್ತವೆ, ಸ್ವಿಚ್ ಒತ್ತಿದರೆ ಬೀಪ್ ಶಬ್ದ ಬಿಟ್ಟು ಇನ್ನೇನೂ ಬರುವುದಿಲ್ಲ. ನಮ್ಮ ಊರಿನ ರಿಪೇರಿ ಹುಡುಗರು ಪಟ್ಟಿಯನ್ನು ಕಿತ್ತು, ಶಾಲೆಯ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸುತ್ತಾರೆ. ಯಂತ್ರ ಎದ್ದು ಕೂರುತ್ತದೆ. ಮಳೆಗಾಲದಲ್ಲಿ ಯಂತ್ರವನ್ನು ಆರಿಸದೆ ಇಟ್ಟರೆ ಅದರ ಸ್ವಂತ ಬಿಸಿಯೇ ಥಂಡಿಯನ್ನು ದೂರ ಇಡುತ್ತದೆ. ಸುಮ್ಮನಿರುವಾಗ 10 ವಾಟ್ ಎಳೆಯುವುದನ್ನು ಹಗಲೂ ರಾತ್ರಿ ಬಿಟ್ಟರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. 60 ವಾಟ್‌ನದಾದರೆ 43 ಯೂನಿಟ್.

ಫ್ಯಾನು ಬೇಡವೆನ್ನುವುದೂ ಇದೇ ಮನೆಗಳ ಕಾರಣಕ್ಕೆ. ಅಡಿಕೆ ಸುಲಿಯುವ ಕಾಲದ ಧೂಳು, ಬೇಯಿಸುವ ಒಲೆಯ ಹೊಗೆ, ಮುಂಗಾರಿನ ಮೊದಲ ಮಳೆಗೆ ದೀಪಕ್ಕೆ ಮುಗಿಬೀಳುವ ರೆಕ್ಕೆಹುಳು, ಎಲ್ಲವನ್ನೂ ಫ್ಯಾನು ಒಳಗೆಳೆದುಕೊಳ್ಳುತ್ತದೆ. ಫ್ಯಾನಿಲ್ಲದೆ, ಅಲ್ಯೂಮಿನಿಯಂ ರೆಕ್ಕೆಗಳಿಂದಲೇ ಬಿಸಿ ಬಿಡುವ ಬೋರ್ಡು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲಿಗೆ ಬೇರೆ ಇಲ್ಲ.

ಹೀಗೆ ವಾಟ್ ಹಿಡಿದು ಪ್ರೊಸೆಸರ್ ಹುಡುಕುವುದು ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ತೋರಿಸಿದರು. ಅದರೊಳಗೆ ಓಡುತ್ತಿದ್ದುದು ಲಿನಕ್ಸ್. ಹಳ್ಳಿಗೆ ಹೋಗುವ ಯಂತ್ರ ಪುಟ್ಟ ಟಾರ್ಚ್ ಸೆಲ್ಲುಗಳಲ್ಲಿ ನಡೆಯಬೇಕೆಂಬ ಹಟದಿಂದ ಅವರು ಹಿಡಿದದ್ದು ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಎಂಬ 206 ಮೆಗಾಹರ್ಟ್ಸ್‌ನ ಪ್ರೊಸೆಸರ್. ಆ ಕಾಲದ ಮೇಜಿನ ಕಂಪ್ಯೂಟರುಗಳು ಒಂದು ಗಿಗಾಹರ್ಟ್ಸ್ ದಾಟಿದ್ದವು. ಓದಲು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಅದರ ಜೊತೆ ಬೆಳೆಯಿತು. 2004ರಲ್ಲಿ ಅಂಗಡಿಗೆ ಬಂದರೂ ಸಿಂಪ್ಯೂಟರ್ ಹೆಚ್ಚು ಮಾರಾಟವಾಗಲಿಲ್ಲ, ನಿಜ. ಆದರೆ ಎಲ್ಲಿ ಇಡುತ್ತೇವೆ, ಯಾವ ಕರೆಂಟಿನಲ್ಲಿ ನಡೆಸುತ್ತೇವೆ ಎಂಬುದನ್ನು ಮೊದಲು ಕೇಳಿಕೊಂಡ ಅವರ ದಾರಿ ಸರಿಯಾಗಿತ್ತೆಂದೇ ನಾನು ನಂಬಿದ್ದೇನೆ.

ಬೋರ್ಡಿನ ಅಳತೆಗೆ ಬರುತ್ತೇನೆ. ಮಿನಿ-ಐಟಿಎಕ್ಸ್ ಎಂದರೆ 170 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಅಳತೆ ಇದು. ಸ್ಕ್ರೂ ತೂತುಗಳ ಜಾಗ ಇಂದಿಗೂ ಬದಲಾಗಿಲ್ಲ. ಇದಕ್ಕಿಂತ ಚಿಕ್ಕವೂ ಇವೆ. ಆಸ್‌ರಾಕ್‌ನ ಡೆಸ್ಕ್‌ಮಿನಿ ಎಂಬ ಪೆಟ್ಟಿಗೆ ಎರಡು ಲೀಟರ್‌ಗೂ ಕಡಿಮೆ ಗಾತ್ರದ್ದು, ಅದರೊಳಗಿನ ಬೋರ್ಡು ಮಿನಿ-ಎಸ್‌ಟಿಎಕ್ಸ್, 147ಕ್ಕೆ 140 ಮಿಲಿಮೀಟರ್. ಅಂಗೈಯಲ್ಲಿ ಹಿಡಿಸುವ ಸಿದ್ಧ ಮಿನಿ ಪೀಸಿಗಳಂತೂ ರಾಶಿ ಬಿದ್ದಿವೆ. ನೋಡಲು ಚೆಂದ. ಆದರೆ ಅಂಥ ಪೆಟ್ಟಿಗೆಯ ಬೋರ್ಡು ಸುಟ್ಟರೆ ಅದೇ ಕಂಪನಿಯ ಅದೇ ಬೋರ್ಡನ್ನು ಹುಡುಕಬೇಕು. ಮೂರು ವರ್ಷದ ನಂತರ ಅದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆಂಬ ಭರವಸೆ ಇಲ್ಲ. ಮಿನಿ-ಐಟಿಎಕ್ಸ್ ಆದರೆ ಯಾವ ಕಂಪನಿಯದಾದರೂ ಅದೇ ತೂತಿಗೆ ಅದೇ ಸ್ಕ್ರೂ. ಪೆಟ್ಟಿಗೆ ಉಳಿಯುತ್ತದೆ, ಡಿಸ್ಕ್ ಉಳಿಯುತ್ತದೆ.

ಸಿಡಿಲನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಮನೆಯಲ್ಲಿ ಮೊದಲು ನಡೆಯುವ ಕೆಲಸ ಎಲ್ಲ ಪ್ಲಗ್ಗುಗಳನ್ನು ಕೀಳುವುದು. ನನ್ನ ಹಿಂದಿನ ಕಂಪ್ಯೂಟರಿನ ಲ್ಯಾನ್ ಪೋರ್ಟು ಹಾಗೊಂದು ಸಿಡಿಲಿಗೆ ಹೋಯಿತು. ಕರೆಂಟಿನ ಪ್ಲಗ್ಗು ಕಿತ್ತಿದ್ದರೂ ಟೆಲಿಫೋನಿನ ತಾಮ್ರದ ತಂತಿ ಒಳಗೆ ಬರುತ್ತಿತ್ತು. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಆದರೂ ನಾನು ಲ್ಯಾಪ್‌ಟಾಪ್ ಚಾರ್ಜರಿನಂಥ ಅಡಾಪ್ಟರ್‌ನಿಂದ ನಡೆಯುವ ಬೋರ್ಡನ್ನೇ ಬಯಸಿದೆ. 19 ವೋಲ್ಟ್ ತೆಗೆದುಕೊಳ್ಳುವ ಜಾಕ್ ಬೋರ್ಡಿನಲ್ಲೇ ಇದ್ದರೆ ದೊಡ್ಡ ಪವರ್ ಸಪ್ಲೈ ಬೇಡ. ಕರೆಂಟಿನ ಏರಿಳಿತದ ಪೆಟ್ಟು ಮೊದಲು ಬೀಳುವುದು ಅಡಾಪ್ಟರಿಗೆ. ಅದು ಸತ್ತರೆ ಪಿನ್ನಿನ ಅಳತೆ, ವೋಲ್ಟೇಜು ಹೊಂದುವ ಇನ್ನೊಂದನ್ನು ಸಾಗರದ ಲ್ಯಾಪ್‌ಟಾಪ್ ಅಂಗಡಿಯಿಂದ ಸಂಜೆಯೊಳಗೆ ತರಬಹುದು. ಮತ್ತೊಂದು ಅನುಕೂಲವೂ ಇದೆ. 500 ವಾಟ್‌ನ ದೊಡ್ಡ ಸಪ್ಲೈಯಿಂದ 10 ವಾಟ್ ಮಾತ್ರ ಎಳೆದರೆ ಅದು ದಕ್ಷವಾಗಿ ನಡೆಯುವುದಿಲ್ಲ, ಉಳಿಸಿದ ವಾಟ್‌ಗಳಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ.

ಆಮೇಲೆ ಲಿನಕ್ಸ್ ಕೇಳುವ ಪ್ರಶ್ನೆ: ಈ ಬೋರ್ಡಿನ ಮೇಲಿರುವ ಚಿಪ್ಪುಗಳ ಪರಿಚಯ ಕರ್ನಲ್‌ಗೆ ಇದೆಯೇ? ಪ್ರೊಸೆಸರುಗಳ ಬಗ್ಗೆ ಇಂಟೆಲ್, ಎಎಂಡಿ ಎರಡೂ ಕಂಪನಿಗಳ ಎಂಜಿನಿಯರುಗಳೇ ಕರ್ನಲ್‌ಗೆ ಬರೆಯುತ್ತಾರೆ, ಅಲ್ಲಿ ಚಿಂತೆ ಕಡಿಮೆ. ತೊಡಕು ಬರುವುದು ಬದಿಯಲ್ಲಿ ಕೂತ ಸಣ್ಣ ಚಿಪ್ಪುಗಳಿಂದ. ರಿಯಲ್‌ಟೆಕ್‌ನ ಹಳೆಯ ಗಿಗಾಬಿಟ್ ಲ್ಯಾನ್ ಚಿಪ್ಪಿಗೆ ಯಾವುದೋ ಕಾಲದಿಂದ ಚಾಲಕ ಇದೆ. ಅದೇ ಕಂಪನಿಯ ಆರ್‌ಟಿಎಲ್8852ಬಿಇ ಎಂಬ ವೈಫೈ ಚಿಪ್ಪಿಗೆ ಚಾಲಕ ಸೇರಿದ್ದು ಕರ್ನಲ್ 6.2ರಲ್ಲಿ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿಯ ಕರ್ನಲ್ 6.1. ಹೀಗೆ ಒಂದು ಮೆಟ್ಟಿಲು ತಪ್ಪಿದರೆ, ಇಂಟರ್ನೆಟ್ ಇಲ್ಲದೆ ಇಂಟರ್ನೆಟ್ಟಿನ ಚಾಲಕ ತರುವ ಪಾಡು. ಅದಕ್ಕೇ ಮಾರುಕಟ್ಟೆಗೆ ಬಂದು ಒಂದೆರಡು ವರ್ಷವಾದ ಬೋರ್ಡೇ ಲೇಸು. ಡೆಬಿಯನ್ ಬಳಗದವರು 2022ರ ಅಕ್ಟೋಬರ್‌ನಲ್ಲಿ ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರ್ ಕೂಡ ಅನುಸ್ಥಾಪನೆಯ ಡಿಸ್ಕಿನಲ್ಲೇ ಇರಲೆಂದು ತೀರ್ಮಾನಿಸಿದ ಮೇಲೆ ಕೆಲಸ ಬಹಳ ಹಗುರಾಗಿದೆ. ಮುಕ್ತ ತಂತ್ರಾಂಶದ ಶುದ್ಧಿಯನ್ನು ನಾನು ಮೆಚ್ಚುತ್ತೇನೆ. ಆದರೆ ಹಳ್ಳಿಯ ಮನೆಯಲ್ಲಿ ಕೂತು ವೈಫೈ ಬಾರದೆ ಲಿನಕ್ಸನ್ನೇ ಬಿಟ್ಟವರನ್ನೂ ಬಲ್ಲೆನಾದ್ದರಿಂದ, ಆ ಮತದಾನ ನಮ್ಮಂಥವರಿಗೆ ಉಪಕಾರ ಮಾಡಿತೆಂದೇ ಹೇಳುತ್ತೇನೆ.

ಇಷ್ಟಾದ ಮೇಲೆ ಪ್ರೊಸೆಸರ್. ನನ್ನ ಮುಂದೆ ಉಳಿದದ್ದು ಎರಡು ದಾರಿ. ಒಂದು, ಇಂಟೆಲ್ 2023ರ ಆರಂಭದಲ್ಲಿ ತಂದ ಎನ್100: ನಾಲ್ಕು ಕೋರ್, 6 ವಾಟ್, 3.4 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಇದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಇನ್ನೊಂದು, ಎಎಂಡಿಯ 2021ರ ರೈಜನ್ 5 5600ಜಿ: ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಇದು ಎಎಂ4 ಸಾಕೆಟ್ಟಿನಲ್ಲಿ ಕೂರುತ್ತದೆ. ಎರಡರಲ್ಲೂ ಗ್ರಾಫಿಕ್ಸ್ ಒಳಗೇ ಇದೆ, ಬೇರೆ ಕಾರ್ಡು ಬೇಡ.

65 ಎಂಬ ಅಂಕಿಯನ್ನು ನೋಡಿ ಹೆದರಬೇಕಿಲ್ಲ. ಅದು ಮೈಮುರಿದು ದುಡಿಯುವಾಗಿನ ಲೆಕ್ಕ. ಕೆಲಸವಿಲ್ಲದಾಗ 5600ಜಿ ಕೂಡ ಮೆತ್ತಗೆ ಕೂರುತ್ತದೆ, ಬಯಾಸ್‌ನಲ್ಲಿ ಅದನ್ನು 45 ವಾಟ್‌ಗೆ ಕಟ್ಟಿಹಾಕಲೂ ಬರುತ್ತದೆ. ಸಾಕೆಟ್ ಇರುವುದೂ ದೊಡ್ಡ ಗುಣ. ಬೋರ್ಡು ಸತ್ತರೆ ಪ್ರೊಸೆಸರ್ ಕಿತ್ತು ಇನ್ನೊಂದು ಬೋರ್ಡಿಗೆ ಹಾಕಬಹುದು. 2016ರಲ್ಲಿ ಶುರುವಾದ ಎಎಂ4ಗೆ 2024ರಲ್ಲೂ ಹೊಸ ಪ್ರೊಸೆಸರುಗಳು ಬಂದವು. ಇಷ್ಟು ಕಾಲ ಬಾಳಿದ ಸಾಕೆಟ್ಟುಗಳು ಕಡಿಮೆ, ಎಎಂಡಿಯ ಈ ಒಂದು ಗುಣಕ್ಕೆ ನನ್ನ ಮೆಚ್ಚುಗೆ ಇದೆ.

ಆದರೂ ನಾನು ತೆಗೆದುಕೊಂಡದ್ದು ಎನ್100. ಬೋರ್ಡನ್ನು ಮೊದಲು ಹುಡುಕಿದ್ದರ ಫಲ ಇದು. ಆಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್ ಎಂಬ ಬೋರ್ಡಿನಲ್ಲಿ 19 ವೋಲ್ಟ್‌ನ ಜಾಕ್ ಇದೆ, ಫ್ಯಾನಿಲ್ಲ, ಮಿನಿ-ಐಟಿಎಕ್ಸ್ ಅಳತೆ, ಒಂದು ಎಂ.2 ಕಿಂಡಿ, ಎರಡು ಸಾಟಾ ಪೋರ್ಟ್. ಎಂ.2ನಲ್ಲಿ ಡೆಬಿಯನ್ ಇರುತ್ತದೆ, ಎರಡು ಸಾಟಾ ಡಿಸ್ಕುಗಳಲ್ಲಿ ಗರಿಗಳ ಚಿತ್ರ, ಒಂದರ ಪ್ರತಿ ಇನ್ನೊಂದರಲ್ಲಿ. ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಪ್ರತಿ ತುಣುಕಿಗೂ ತಾಳೆ ನೋಡುವ ಅಂಕಿ ಬರೆದಿಡುತ್ತದೆ. ಒಂದು ಡಿಸ್ಕಿನಲ್ಲಿ ಸದ್ದಿಲ್ಲದೆ ಏನಾದರೂ ಕೆಟ್ಟರೆ ಇನ್ನೊಂದರಿಂದ ಸರಿಮಾಡಿಕೊಳ್ಳುತ್ತದೆ. ಮೂರನೆಯ ಪ್ರತಿಯ ಡಿಸ್ಕು ತೀರ್ಥಹಳ್ಳಿಯಲ್ಲಿ ತಂಗಿಯ ಮನೆಯಲ್ಲಿರುತ್ತದೆ. ಒಂದೇ ಸಿಡಿಲು ಎರಡು ತಾಲ್ಲೂಕಿಗೆ ಬೀಳುವುದಿಲ್ಲ.

ಈ ಬೋರ್ಡಿನ ಇನ್ನೊಂದು ಗುಣವನ್ನು ಹೇಳಲೇಬೇಕು. ಪುಟ್ಟ ಬೋರ್ಡುಗಳಲ್ಲಿ ಬಹಳಷ್ಟು ಲ್ಯಾಪ್‌ಟಾಪಿನ ಗಿಡ್ಡ ಮೆಮೊರಿ ಕೇಳುತ್ತವೆ. ಇದು ಮಾಮೂಲಿ ಡೆಸ್ಕ್‌ಟಾಪಿನ ಉದ್ದದ ಡಿಡಿಆರ್4 ಪಟ್ಟಿಯನ್ನೇ ತೆಗೆದುಕೊಳ್ಳುತ್ತದೆ. 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ಒಮ್ಮೆಲೇ ಮೇಲೆ ಹೋದಾಗಿನಿಂದ, ಹಳೆಯ ಯಂತ್ರದಲ್ಲಿದ್ದ 16 ಜಿಬಿ ಪಟ್ಟಿಯನ್ನು ಇಲ್ಲಿಗೆ ತಂದು ಕೂರಿಸಲು ಬಂದದ್ದು ಸಣ್ಣ ಉಳಿತಾಯವೇನಲ್ಲ. ಈ ಪ್ರೊಸೆಸರಿಗೆ ಇಂಟೆಲ್ ಹೇಳುವ ಮಿತಿಯೂ 16 ಜಿಬಿಯೇ.

ಓಟದಲ್ಲಿ ಎನ್100 ಸುಮಾರಾಗಿ 2015ರ ಐ ಫೈವ್ ಡೆಸ್ಕ್‌ಟಾಪ್ ಪ್ರೊಸೆಸರಿಗೆ ಸಮ. ಜಿಂಪ್‌ನಲ್ಲಿ ದೊಡ್ಡ ಚಿತ್ರ ತೆರೆದಾಗ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಸಲೀಸು. ಲಿಬ್ರೆ ಆಫೀಸಿನಲ್ಲಿ ಅಡಿಕೆಯ ಲೆಕ್ಕ, ಪಹಣಿ ನೋಡುವುದು, ಯಕ್ಷಗಾನದ ವಿಡಿಯೋ, ಎಲ್ಲವೂ ತೊಡಕಿಲ್ಲದೆ ನಡೆಯುತ್ತವೆ. ಕನ್ನಡಕ್ಕಂತೂ ಕೀಲಿಮಣೆಯ ಪಟ್ಟಿಯಲ್ಲಿ ಕಗಪ ಆರಿಸಿದರೆ ಸಾಕು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ ಇಂದು ಲಿನಕ್ಸ್‌ನೊಳಗೇ ಸೇರಿಹೋಗಿದೆ, ಯಾರ ಹತ್ತಿರವೂ ಕೇಳಿ ಹಾಕಿಸಿಕೊಳ್ಳಬೇಕಿಲ್ಲ. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಹಂಬಲಿಸಿದ್ದರೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ಬೆಸೆದ ಪ್ರೊಸೆಸರಿನ ಅಪಾಯವನ್ನು ನಾನು ಮರೆತಿಲ್ಲ. ಬೋರ್ಡು ಹೋದರೆ ಎರಡೂ ಹೋದಂತೆ. ಆದರೆ ಎರಡರದೂ ಸೇರಿದ ಬೆಲೆ, ಸಾಕೆಟ್ ಇರುವ ಮಿನಿ-ಐಟಿಎಕ್ಸ್ ಬೋರ್ಡೊಂದರ ಬೆಲೆಯ ಆಸುಪಾಸಿನಲ್ಲಿದೆ. ಆ ಜಾಗಕ್ಕೆ ಮುಂದೆ ಯಾವ ಬೋರ್ಡು ಬಂದರೂ ಪೆಟ್ಟಿಗೆ, ಡಿಸ್ಕು ಹಾಗೇ ಇರುತ್ತವೆ. ಜೋಡಿಸಿದ ಮೇಲೆ ಮೊದಲು ಮಾಡಿದ ಕೆಲಸ, ಬಯಾಸ್‌ನಲ್ಲಿ ಕರೆಂಟು ಮರಳಿ ಬಂದೊಡನೆ ತಾನೇ ಹೊತ್ತಿಕೊಳ್ಳುವಂತೆ ಮಾಡಿದ್ದು. ಕೆಲವು ಬೋರ್ಡುಗಳಲ್ಲಿ ಈ ಆಯ್ಕೆ ಇರುವುದೇ ಇಲ್ಲ. ಕೊಳ್ಳುವ ಮುಂಚೆ ಕೈಪಿಡಿ ಇಳಿಸಿಕೊಂಡು ನೋಡಬೇಕು.

ಕೊಳ್ಳುವುದೇ ಬೇಡದವರೂ ಬಹಳ ಮಂದಿ ಇದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ಹೊಸತು ತರಬೇಕೇ ಎಂದು ನೆರೆಹೊರೆಯವರು ಕೇಳುತ್ತಿರುತ್ತಾರೆ. ಹಳೆಯ ಯಂತ್ರ ಗಟ್ಟಿಯಿದ್ದರೆ ಒಂದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಇಳಿಸಿ, ಮಳೆಗಾಲಕ್ಕೆ ಮುಂಚೆ ಮೆಮೊರಿಯ ಹಲ್ಲು ಉಜ್ಜಿಸಿ ಎನ್ನುತ್ತೇನೆ.

ಅಣ್ಣನ ಮಗನ ವಿಷಯ ಬೇರೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ದೊಡ್ಡ ದೊಡ್ಡ ಪ್ರೋಗ್ರಾಂಗಳನ್ನು ಕಂಪೈಲ್ ಮಾಡುತ್ತಾನೆ. ಆರು ಕೋರಿನ ಬೆಲೆ ಅವನಿಗೆ ಗೊತ್ತು. "ಚಿಕ್ಕಪ್ಪ, ನಿಮ್ಮ ಎನ್100 ನಂಗೆ ಸಾಲ್ದು, ನಂಗೆ 5600ಜಿನೇ ಬೇಕು" ಅಂದ. ಸರಿ ಅಂದೆ. ಅವನಿಗೆ ಅದೇ ಸರಿ. ಆದರೆ ಅದಕ್ಕೆ ಹೊಂದುವ ಎ520 ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2020ರಲ್ಲಿ, ಪ್ರೊಸೆಸರ್ ಬಂದದ್ದು ಅದರ ಮಾರನೆಯ ವರ್ಷ. ಅಂಗಡಿಯ ಕಪಾಟಿನಲ್ಲಿ ಹಳೆಯ ಬಯಾಸ್‌ನ ಬೋರ್ಡು ಕೂತಿದ್ದರೆ ಅದು ಈ ಪ್ರೊಸೆಸರನ್ನು ಗುರುತಿಸುವುದಿಲ್ಲ, ಪರದೆ ಕಪ್ಪಾಗಿಯೇ ಇರುತ್ತದೆ. ಬಯಾಸ್ ಏರಿಸಲು ಹಳೆಯ ಪ್ರೊಸೆಸರೊಂದನ್ನು ಯಾರಿಂದಲಾದರೂ ಕೇಳಿ ತರಬೇಕು, ಇಲ್ಲವೇ ಪ್ರೊಸೆಸರಿಲ್ಲದೆಯೂ ಪೆನ್ ಡ್ರೈವಿನಿಂದ ಬಯಾಸ್ ಬರೆಯುವ ಗುಂಡಿ ಇರುವ ಬೋರ್ಡನ್ನೇ ಹುಡುಕಬೇಕು. ಅವನು ಅಂಗಡಿಗೆ ಫೋನ್ ಮಾಡಿ ಮೊದಲು ಅದನ್ನೇ ವಿಚಾರಿಸಿದ್ದಾನೆ. ಪೆಟ್ಟಿಗೆ ತೆಗೆದು ಸ್ಟಿಕರ್ ನೋಡಿ ಸೋಮವಾರ ಹೇಳುತ್ತಾರಂತೆ.